ಅವ್ವ ಆರಿಸಿದ ಮದರ್‌ಬೋರ್ಡು

ಕಂಪ್ಯೂಟರಿಗೆ ಹೂವಿನ ಬಟ್ಟೆ ಹೊದಿಸಿ, ಚಪ್ಪಲಿ ಹೊರಗೆ ಬಿಟ್ಟು ಅದರ ಮುಂದೆ ಕೂರುತ್ತಿದ್ದ ಕಾಲವದು. ಅರಕಲಗೂಡಿನ ಒಂದೇ ಬಾಗಿಲಿನ ಮಳಿಗೆಯಲ್ಲಿ ನನ್ನಕ್ಕ ಸರೋಜ ಮದುವೆ ಕಾಗದ, ಅರ್ಜಿ ಟೈಪ್ ಮಾಡಿಕೊಡುತ್ತಿದ್ದಳು. ಅವ್ವ ಬಿತ್ತನೆ ಆಲೂಗೆಡ್ಡೆ ಕುಯ್ಯುವ ಕೂಲಿಗೆ ಹೋಗುತ್ತಿದ್ದಳು. ಪ್ರತಿ ಹೋಳಿಗೂ ಮೊಳಕೆಯ ಕಣ್ಣು ಬರುವಂತೆ ಕುಯ್ಯಬೇಕು; ಅದರಲ್ಲಿ ಅವ್ವನ ಕೈ ಪಳಗಿತ್ತು. ನನಗಾಗ ಹನ್ನೊಂದು. ಬೇಸಿಗೆ ರಜೆ, ಲಂಗದ ಜೇಬಿನಲ್ಲಿ ಸದಾ ಆಟದ ಐದು ಅಚ್ಚಿಕಲ್ಲು.

ಮೊದಲ ಮಳೆಯ ಸಿಡಿಲು ಬಡಿದ ಮಾರನೆ ದಿನ ಅಕ್ಕನ ಕಂಪ್ಯೂಟರ್ ಏಳಲಿಲ್ಲ. ಊರಿನ ರಿಪೇರಿಯವನು ಬಿಚ್ಚಿ ನೋಡಿದ. "ಮದರ್‌ಬೋರ್ಡ್ ಓಗದೆ ಕಣಕ್ಕ. ಪ್ರೊಸೆಸರ್ ಬೇರೆ ಮಿಷಿನ್‌ಗೆ ಹಾಕಿ ನೋಡ್ದೆ, ಚೆನ್ನಾಗೈತೆ. ಇದಕ್ಕೊಪ್ಪೋ ಬೋರ್ಡ್ ಹಾಸನದಲ್ಲಿ ನೋಡಿ" ಎಂದ.

ಮಾರನೆ ಸಂಜೆಗೆ ಒಂದು ಮದುವೆ ಕಾಗದ ಪ್ರೆಸ್ಸಿಗೆ ಹೋಗಬೇಕಿತ್ತು. ಅಕ್ಕನಿಗೆ ಬಂದ ಮೊದಲ ದೊಡ್ಡ ಆರ್ಡರ್. ಮಾತು ತಪ್ಪಿದರೆ ಮಳಿಗೆಯತ್ತ ಇನ್ಯಾರೂ ಬರುತ್ತಿರಲಿಲ್ಲ.

ಪ್ರೊಸೆಸರ್ ಎಂದರೆ ಎರಡು ಬೆರಳಗಲದ ಬಿಲ್ಲೆ, ಅಡಿಯಲ್ಲಿ ನೂರಾರು ಸೂಜಿಕಾಲು. ಅವ್ವ ಲವಂಗದ ಡಬ್ಬಿ ಖಾಲಿ ಮಾಡಿ, ಹತ್ತಿ ಹಾಸಿ ಅದನ್ನು ಮಲಗಿಸಿದಳು. ಬೆಳಗಿನ ಬಸ್ಸಿಗೆ ಮೂವರೂ ಹೊರಟೆವು. ಹಾಸನದ ಅಂಗಡಿಯಲ್ಲಿ ಡಬ್ಬಿ ತೆಗೆದಾಗ ಕಂಪ್ಯೂಟರುಗಳ ನಡುವೆ ಲವಂಗದ ಘಮಲು.

ಅಂಗಡಿಯವರು ಫಳಫಳ ಹೊಳೆಯುವ ಸೆಕೆಂಡ್‌ಹ್ಯಾಂಡ್ ಬೋರ್ಡೊಂದನ್ನು ಮುಂದಿಟ್ಟರು. ಅಕ್ಕ ಆಗಲೇ ಒಪ್ಪಿಬಿಟ್ಟಿದ್ದಳು. ಅವ್ವ ಅಂಚು ಹಿಡಿದು ಬಾಗಿಲ ಬಿಸಿಲಿಗೆ ಒಯ್ದು ಓರೆಯಾಗಿ ಹಿಡಿದಳು.

"ಏನಮ್ಮಾ, ಸಂತೇಲಿ ಬದನೇಕಾಯಿ ಆರಿಸ್ದಂಗೆ ಆರಿಸ್ತೀಯಾ?"

"ಬದನೇಕಾಯಿಗೆ ಹುಳ ಬಿದ್ರೆ ಒಂದೊತ್ತಿನ ಸಾರು ಕೆಡ್ತದೆ ಕಣಣ್ಣ. ಇದು ಕೆಟ್ರೆ ನನ್ ಮಗಳು ಗೆಡ್ಡೆ ಕುಯ್ಯಕೆ ಬರ್ಬೇಕಾಯ್ತದೆ."

ಬೋರ್ಡಿನ ಮೇಲೆ ಪುಟ್ಟ ಪೀಪಾಯಿಗಳ ಸಾಲು. ಅವು ಕೆಪಾಸಿಟರ್, ಕೆಡುವಾಗ ತಲೆ ಉಬ್ಬುತ್ತದೆ ಎಂದೆಲ್ಲ ನಮಗೆ ಗೊತ್ತಿರಲಿಲ್ಲ. ಅವ್ವ ಅವುಗಳ ತಲೆ ಮೇಲೆ ಹೆಬ್ಬೆರಳಾಡಿಸಿದಳು.

"ಈ ಮೂರರ ತಲೆ ಯಾಕಣ್ಣ ಉಬ್ಬವೆ?"

"ಅದು ಡಿಸೈನ್ ಕಣಮ್ಮ."

"ಎಲ್ಲಾ ಒಂದೇ ಸಾಲಲ್ಲಿ ಅವೆ. ಮೂರಕ್ಕೆ ಮಾತ್ರ ಡಿಸೈನಾ?"

ಅವರು ಕೆಮ್ಮಿದರು. ಕೇಳದೆಯೇ ಬೆಲೆ ಅರ್ಧಕ್ಕಿಳಿಸಿದರು. ಅಕ್ಕ ಅವ್ವನ ಸೆರಗೆಳೆದಳು: "ತಗಳವ್ವ, ಬಸ್ಸು ಓಗ್ಬುಡ್ತದೆ."

"ಸುಮ್ಕಿರೇ. ತೊಳೆದ ಗೆಡ್ಡೆ ಬ್ಯಾಡ ಕಣಣ್ಣ, ಮಣ್ಣಿರೋದು ಇದ್ರೆ ಕೊಡಿ."

ಕೇಳದೆ ಬೆಲೆ ಇಳಿದರೆ ಖುಷಿಪಡಬೇಡಿ, ಇನ್ನೊಂದು ಸಲ ತಿರುಗಿಸಿ ನೋಡಿ. ಇಂದಿಗೂ ನಾನು ಹೇಳುವ ಬುದ್ಧಿಮಾತು ಇದೇ.

ಒಳಗಿಂದ ಧೂಳು ಮೆತ್ತಿದ ಇನ್ನೊಂದು ಬೋರ್ಡ್ ಬಂತು. ಸಾಲು ಸಮವಾಗಿತ್ತು. ನಾನು ಬಗ್ಗಿ ಪ್ರೊಸೆಸರ್ ಕೂರುವ ಜಾಗ ನೋಡಿದೆ. "ನಮ್ ಬಿಲ್ಲೆಗೆ ಒಂದ್ ಮೂಲೇಲಿ ಕಾಲಿಲ್ಲ, ಇಲ್ಲೂ ಅದೇ ಮೂಲೇಲಿ ತೂತಿಲ್ಲ ಕಣವ್ವ!" ಅಂಗಡಿಯವರು ನಕ್ಕು, ಒಪ್ಪುತ್ತದೆ ಎಂದರು. "ಊಟ ಮಾಡ್ಕಂಡ್ ಬನ್ನಿ, ಪ್ಯಾಕ್ ಮಾಡಿಟ್ಟಿರ್ತೀನಿ."

"ಇಲ್ಲೇ ಉಣ್ತೀವಿ. ನೀವು ಹಾಕಿ ಓಡ್ಸಿ. ಸರೋಜಾ, ಆ ಮದುವೆ ಕಾಗದ ಇಲ್ಲೇ ಹೊಡಿ."

ನಾನೂ ಅವ್ವನೂ ಹೊಸ್ತಿಲಲ್ಲಿ ಕೂತು ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದೆವು. ಒಳಗೆ ಅಕ್ಕನ ಬೆರಳ ಸದ್ದು. ಆ ಸದ್ದು ನಿಂತಾಗಲೆಲ್ಲ ಅವ್ವನ ಬಾಯಲ್ಲಿ ತುತ್ತು ನಿಲ್ಲುತ್ತಿತ್ತು. ಕೊನೆಗೆ ಅಕ್ಕ ಫ್ಲಾಪಿ ಹಿಡಿದು ಬಂದಳು. ಕಾಗದ ಮುಗಿದಿತ್ತು, ಮಿಷಿನ್ ಒಮ್ಮೆಯೂ ನಿಂತಿರಲಿಲ್ಲ.

ಆಮೇಲೆ ಅವ್ವ ಬೆಲೆಗೆ ಬಂದಳು. "ಹೊಳೆಯೋದನ್ನ ನೀವೇ ಅರ್ಧಕ್ಕಿಳಿಸಿದ್ರಿ. ಧೂಳಿಂದಕ್ಕೆ ಅದಕ್ಕಿಂತ ಜಾಸ್ತಿ ಹೆಂಗಣ್ಣ ಕೇಳ್ತೀರಿ?"

ಅಂಗಡಿಯವರು ಕೈ ಮುಗಿದರು. "ನಿಮ್ಮಂಥೋರು ನಾಕು ಜನ ಬಂದ್ರೆ ನಾನೇ ಗೆಡ್ಡೆ ಕುಯ್ಯಕೆ ಬರ್ಬೇಕಾಯ್ತದೆ!"

ಆ ಬೋರ್ಡು ಅಕ್ಕನ ಮದುವೆ ಕಾಗದವನ್ನೂ ಟೈಪ್ ಮಾಡಿಸಿಯೇ ನಿಂತದ್ದು.

ಈಗ ಚನ್ನರಾಯಪಟ್ಟಣದಲ್ಲಿ ನನ್ನದೇ ಕಂಪ್ಯೂಟರ್ ಅಂಗಡಿ ಇದೆ. ಬಾಗಿಲ ಬೆಳಕಿಗೆ ಹಿಡಿದು ನೋಡಿ ಎಂದರೆ ಗಿರಾಕಿಗಳು ಫೋನಿನಲ್ಲಿ ಅದಕ್ಕೆ ಜನ ಕೊಟ್ಟ ಸ್ಟಾರ್ ತೋರಿಸುತ್ತಾರೆ. ಅವ್ವನ ಕಣ್ಣು ಮಂಜಾಗಿದೆ. ಮೊನ್ನೆ ಹೊಸ ಬೋರ್ಡೊಂದನ್ನು ಅವಳ ಮಡಿಲಲ್ಲಿಟ್ಟೆ. ಹೆಬ್ಬೆರಳು ಹಳೆಯ ದಾರಿಯಲ್ಲೇ ಹೊರಟಿತು, ಈ ತುದಿಯಿಂದ ಆ ತುದಿಗೆ, ಮತ್ತೆ ವಾಪಸ್ಸು.

"ಎಲ್ಲಾ ಒಂದೇ ಸಮ ಐತಲ್ಲ ಮಗಾ," ಎಂದಳು. "ಇದು ಕೆಟ್ರೆ ಹೆಂಗೆ ಗೊತ್ತಾಯ್ತದೆ?"

ಈಗಿನವು ಕೆಟ್ಟರೂ ತಲೆ ಉಬ್ಬುವುದಿಲ್ಲ; ಊರಿಗೆಲ್ಲ ಬುದ್ಧಿ ಹೇಳುವ ನಾನು ಬೋರ್ಡನ್ನು ಬಾಗಿಲ ಬೆಳಕಿಗೆ ಒಯ್ದು ಓರೆಯಾಗಿ ಹಿಡಿದೆ.