ಸಂತ ನಿಕೊಲಾಯನ ಇಗರ್ಜಿಯ ಮೂವತ್ತೆರಡು ಗಡಿಗೆಗಳು

ಪ್ಸ್ಕೋವ್ ಸೀಮೆಯಲ್ಲಿ ಹಳೆಯ ಕಲ್ಲಿನ ಇಗರ್ಜಿಗಳನ್ನು ದುರಸ್ತಿ ಮಾಡುವವರಿಗೆ ಬರವಿಲ್ಲ. ಆದರೆ ಗಾರೆ ಮೆತ್ತುವ ಮುನ್ನ ಗೋಡೆಗೆ ಕಿವಿಗೊಡುವವರೆಂದರೆ ಶ್ರೀಮತಿ ಕಪಿತೊಲೀನಾ ಯೆವ್ಗ್ರಾಫೊವ್ನಾ ಅವರೇ. ನಲವತ್ತೊಂದು ವರ್ಷ ದುಡಿದು ಅವರೀಗ ಮುಖ್ಯ ಮೇಸ್ತ್ರಿಯ ಹುದ್ದೆಯಿಂದ ನಿವೃತ್ತರಾಗುತ್ತಿದ್ದಾರೆ.

ಸುಣ್ಣ ಕಲಸುವ ಕೆಲಸಕ್ಕೆ ಸೇರಿದವರು ಹತ್ತೇ ವರ್ಷಗಳಲ್ಲಿ, ಗೋಡೆಗೆ ಕಟ್ಟುವ ಮರದ ಅಟ್ಟಣಿಗೆಯಾದ ಸಾರುವೆಯ ತುದಿ ಏರಿದರು. ಅವರ ಕೈಕೆಳಗಿನವರಾರೂ ಹಸಿದ ಹೊಟ್ಟೆಯಲ್ಲಿ ಸಾರುವೆ ಹತ್ತಿದ್ದಿಲ್ಲ. ಮೊದಲು ಬಿಸಿ ಗಂಜಿ, ಆಮೇಲೆ ಕೆಲಸ.

ಅವರ ಸೇವೆಯ ಹದಿನೇಳನೆಯ ವರ್ಷ ನದಿದಂಡೆಯ ಸಂತ ನಿಕೊಲಾಯನ ಇಗರ್ಜಿಯ ದುರಸ್ತಿ ಮುಗಿದಿತ್ತು. ಮರುದಿನ ಸಾರುವೆ ಬಿಚ್ಚುವುದಿತ್ತು. ಪ್ರಾರ್ಥನೆ ಹಾಡುವ ನಿಫೊಂತ್ ಒಂದು ಸ್ತೋತ್ರ ಹಾಡಿ ನೋಡಿದರು. ಮೊದಲು ಬಿಡಿಬಿಡಿಯಾಗಿ ಕೇಳುತ್ತಿದ್ದ ಪದಗಳು ಈಗ ಒಂದರ ಮೇಲೊಂದು ಬಿದ್ದು ಕಲಸಿಹೋದವು.

"ನನ್ನ ಗಂಟಲು ನೆಟ್ಟಗಿದೆ ಅಮ್ಮಾ. ನಿಮ್ಮ ಇಗರ್ಜಿಗೇ ನೆಗಡಿ ಆಗಿದೆ," ಎಂದರು.

ತಲೆಯೆತ್ತಿದ ಕಪಿತೊಲೀನಾ ಅವರಿಗೆ ತಪ್ಪು ಹೊಳೆಯಿತು. ಹಿಂದಿನವರ ಸಾರುವೆಯ ತೊಲೆ ಕೂತಿದ್ದ ಹಳೆಯ ತೂತುಗಳನ್ನು ಕೊನೆಗೆ ಮುಚ್ಚುವುದು ಗಾರೆಯವರ ಪದ್ಧತಿ. ಆದರೆ ಈ ಇಗರ್ಜಿ ಕಟ್ಟಿದವರು ದನಿಗೆಂದೇ ಗುಮ್ಮಟದ ಬುಡದಲ್ಲಿ ಮೂವತ್ತೆರಡು ಮಣ್ಣಿನ ಗಡಿಗೆಗಳನ್ನು ಹೂತು, ಬಾಯಿಯಷ್ಟನ್ನೇ ತೆರೆದಿಟ್ಟಿದ್ದರು. ಅಚ್ಚುಕಟ್ಟಿನ ಗಾರೆಯಾಳು ಆರ್ಖೀಪ್ ಅವನ್ನೂ ತೊಲೆಯ ತೂತುಗಳೆಂದೇ ಮುಚ್ಚಿ ನುಣ್ಣಗೆ ಬಳಿದಿದ್ದ. ಒಂದೂ ಬಿಡದೆ ಮುಚ್ಚು ಎಂದಿದ್ದವರು ಕಪಿತೊಲೀನಾ ಅವರೇ.

ದುರಸ್ತಿಯ ಉಸ್ತುವಾರಿ ಹೊತ್ತ ಅಧಿಕಾರಿ ಆರ್ಖೀಪನನ್ನು ಕೆಲಸದಿಂದ ತೆಗೆಯಹೊರಟರು. ಗಡಿಗೆಗಳು ಎಲ್ಲೆಲ್ಲಿವೆಯೆಂಬ ನಕ್ಷೆಯಿಲ್ಲ, ಅವು ಹಾಗೇ ಇರಲಿ ಎಂದರು.

"ಹೇಳಿದ್ದು ನಾನು, ಮಾಡಿದ್ದು ಅವನು. ಏನು ಬರಕೊಳ್ಳೋದಿದ್ರೂ ನನ್ನ ಹೆಸರಲ್ಲಿ ಬರಕೊಳ್ಳಿ," ಎಂದರು ಕಪಿತೊಲೀನಾ. "ನಾಳೆ ಸಂಜೆ ತನಕ ಮಾತ್ರ ಸಾರುವೆ ಮುಟ್ಟಬೇಡಿ."

ಬೆಳಿಗ್ಗೆ ಇಬ್ಬರೂ ಮೇಲೇರಿದರು. ಆರ್ಖೀಪ್ ಸುತ್ತಿಗೆಯ ಹಿಡಿಯಿಂದ ಬಡಿಯುತ್ತ ಹೋದ. ಅವರು ಕಣ್ಣು ಮುಚ್ಚಿ ಆಲಿಸಿದರು. ಕಲ್ಲಾದರೆ ಟಕ್, ಗಡಿಗೆಯಾದರೆ ದುಂ! ದುಂ ಎಂದಾಗಲೆಲ್ಲ ಆರ್ಖೀಪನ ಮುಖ ಅರಳುತ್ತಿತ್ತು. ಮಧ್ಯಾಹ್ನಕ್ಕೆ ಮೂವತ್ತೊಂದು ಬಾಯಿ ತೆರೆದವು. ಕೊನೆಯದು ಮಾತ್ರ ಸಿಗದೆ ಮೂರು ಗಂಟೆ ಸತಾಯಿಸಿತು.

"ನಿಮ್ಮ ಬೆನ್ನ ಹಿಂದೇನೇ ಇತ್ತಲ್ಲಮ್ಮಾ. ಒರಗಿಕೊಂಡೇ ಕೇಳ್ತಾ ಇದ್ರಿ," ಎಂದು ಅವನು ನಕ್ಕ.

ನಿಫೊಂತ್ ಮತ್ತೆ ಹಾಡಿದರು. ಒಂದೊಂದು ಪದವೂ ತೊಳೆದಿಟ್ಟಂತೆ ಬಂದು ಬಾಗಿಲ ಬಳಿಯ ಮುದುಕಿಯರನ್ನು ಮುಟ್ಟಿತು. ಗಡಿಗೆಗಳಿಂದ ಎಷ್ಟು ಪ್ರಯೋಜನವೆಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ವಾದಿಸಲಿ, ಅಂದು ಅಲ್ಲಿದ್ದವರಿಗೆ ವಾದ ಬೇಕಾಗಲಿಲ್ಲ.

ಅಧಿಕಾರಿ ಬರೆದ ಛೀಮಾರಿಯೇ ಕಪಿತೊಲೀನಾ ಅವರ ಸೇವಾ ಪುಸ್ತಕದ ಏಕೈಕ ಕಪ್ಪು ಗೆರೆ. ಅದನ್ನು ಅಳಿಸಲು ಮುಂದೆ ಬಂದವರಿಗೆಲ್ಲ ಅವರು ಬೇಡವೆಂದರು. ನಾಳೆಯಿಂದ ಅವರ ಸ್ಥಾನದಲ್ಲಿ ನಿಲ್ಲುವವನು ಆರ್ಖೀಪ್. ಅವರ ಮೊಣಕಾಲಿಗೆ ಬಲವೂ ಕಿವಿಗೆ ಚುರುಕೂ ಬಹುಕಾಲ ಇರಲಿ. ಸಾರುವೆ ಏರಲಾಗದ ದಿನ ಕೆಳಗೆ ಬೆಂಚಿನ ಮೇಲೆ ಕೂತಾದರೂ ಅವರು ನಮ್ಮನ್ನು ಗದರುತ್ತಿರಲಿ.