ವೆನಿಸ್‌ನಲ್ಲಿ ಹೇಳಿದ ಮಾತು

ಯುರೋಪಿಗೆ ಹೋಗಬೇಕೆಂಬ ಆಸೆ ನನ್ನದಾಗಲಿ ನನ್ನ ಹೆಂಡತಿಯದಾಗಲಿ ಆಗಿರಲಿಲ್ಲ. ಅದು ನನ್ನ ಸ್ನೇಹಿತನ ಹೆಂಡತಿಯ ಆಸೆ. ಮದುವೆಗೆ ಮುಂಚೆ ಆಕೆ ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುತ್ತಿದ್ದಳು. ಪ್ರತಿವರ್ಷ ಕಪ್ಪುಹಲಗೆಯ ಮೇಲೆ ರೋಮ್ ಸಾಮ್ರಾಜ್ಯದ ನಕ್ಷೆ ಬರೆದು ಅಳಿಸಿದ್ದೇ ಆಯಿತು, ಒಂದು ಸಲ ಆ ಊರನ್ನು ಕಣ್ಣಾರೆ ನೋಡಬೇಕು ಎಂದು ನಮ್ಮ ಮನೆಯ ಊಟದ ಮೇಜಿನ ಮುಂದೆ ಕುಳಿತು ಎಷ್ಟೋ ಸಲ ಹೇಳಿದ್ದಳು. ನನ್ನನ್ನು ‘ಅಣ್ಣಾ’ ಎಂದು ಕರೆಯುತ್ತಿದ್ದಳು. ಅವಳ ಗಂಡ ಧಾರವಾಡದವನು, ಡೆಟ್ರಾಯಿಟ್ ಪಕ್ಕದ ಕ್ಯಾಂಟನ್‌ನಲ್ಲಿ ನಮ್ಮದೇ ಬಡಾವಣೆಯಲ್ಲಿ ಬಾಡಿಗೆಗಿದ್ದ. ಕಾರಿನ ಬ್ರೇಕಿನ ಭಾಗಗಳನ್ನು ತಯಾರಿಸುವ ಕಂಪನಿಯೊಂದರಲ್ಲಿ ಇಬ್ಬರೂ ಕೆಲಸ ಮಾಡುತ್ತಿದ್ದೆವು. ಟೆಸ್ಟಿಂಗ್ ವಿಭಾಗಕ್ಕೆ ನಾನು ಮುಖ್ಯಸ್ಥ, ಅವನು ನನ್ನ ಕೈಕೆಳಗಿನ ಒಂಬತ್ತು ಜನರಲ್ಲಿ ಒಬ್ಬ. ಅವನಿಗೆ ಆ ಕೆಲಸ ಕೊಡಿಸಿದವನೂ ನಾನೇ.

ಆರ್ಥಿಕ ಹಿಂಜರಿತದ ಎರಡನೆಯ ವರ್ಷ ಅದು. ಬೀದಿಗೆ ಎರಡು ಮೂರು ಮನೆಗಳ ಮುಂದೆ ಮಾರಾಟದ ಬೋರ್ಡು ನಿಂತಿತ್ತು. ಸಾಲ ಕಟ್ಟಲಾಗದೆ ಬಿಟ್ಟುಹೋದ ಕೆಲವು ಮನೆಗಳ ಮುಂದೆ ಬೋರ್ಡೂ ಇರಲಿಲ್ಲ, ಅಂಗಳದ ಹುಲ್ಲು ಮಾತ್ರ ಮೊಣಕಾಲೆತ್ತರ ಬೆಳೆದಿತ್ತು. ಆದರೂ ಏಪ್ರಿಲ್‌ನಲ್ಲಿ ಸ್ಕೂಲಿನ ಸ್ಪ್ರಿಂಗ್ ಬ್ರೇಕ್ ರಜೆಗೆ ವಿಯೆನ್ನಾ, ವೆನಿಸ್, ರೋಮ್ ಎಂದು ಆರು ತಿಂಗಳ ಹಿಂದೆಯೇ ಟಿಕೆಟ್ ಮಾಡಿಸಿದ್ದೆವು. ನಾವಿಬ್ಬರು ದಂಪತಿ, ಅವರಿಬ್ಬರು, ಅವರ ಒಂಬತ್ತು ವರ್ಷದ ಮಗಳು.

ಶುಕ್ರವಾರ ಸಂಜೆ ವಿಮಾನ. ಗುರುವಾರ ಬೆಳಿಗ್ಗೆ ನಮ್ಮ ಡೈರೆಕ್ಟರು ನನ್ನನ್ನು ಕರೆದು ಬಾಗಿಲು ಹಾಕಿದ. ಪ್ರತಿ ವಿಭಾಗದಿಂದಲೂ ಮೂವರನ್ನು ತೆಗೆಯಬೇಕು, ನಾಳೆ ಮಧ್ಯಾಹ್ನದೊಳಗೆ ಹೆಸರು ಕೊಡು ಎಂದ. ‘ನೀನು ರಜೆ ಮುಗಿಸಿಕೊಂಡು ಬಾ. ಬಂದ ಸೋಮವಾರ ಎಲ್ಲರಿಗೂ ಒಟ್ಟಿಗೆ ತಿಳಿಸೋಣ. ಅಲ್ಲಿಯವರೆಗೆ ಹೆಂಡತಿಗೂ ಹೇಳಕೂಡದು’ ಎಂದು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡ.

ಮೊದಲೆರಡು ಹೆಸರು ಬರೆಯುವುದು ಕಷ್ಟವಾಗಲಿಲ್ಲ. ಮೂರನೆಯದಕ್ಕೆ ಇಬ್ಬರು ಉಳಿದರು: ನನ್ನ ಸ್ನೇಹಿತ, ಮತ್ತು ಅವನಿಗಿಂತ ಒಂದು ವರ್ಷ ಮೊದಲು ಸೇರಿದ್ದ ಒಬ್ಬ ಅಮೆರಿಕನ್. ಕೆಲಸದಲ್ಲಿ ನನ್ನ ಸ್ನೇಹಿತನೇ ಮೇಲು. ಅದು ಎಲ್ಲರಿಗೂ ಗೊತ್ತಿತ್ತು. ಆದರೆ ಅವನನ್ನು ಉಳಿಸಿಕೊಂಡರೆ ‘ತನ್ನ ಊರಿನವನನ್ನು ಉಳಿಸಿಕೊಂಡ’ ಎಂದು ಆಡಿಕೊಳ್ಳುತ್ತಾರೆ, ಮುಂದಿನ ಪಟ್ಟಿಯಲ್ಲಿ ನನ್ನ ಹೆಸರೇ ಬರುತ್ತದೆ ಎಂದು ಹೆದರಿದೆ. ಹೆದರಿಕೆಯಲ್ಲೇ ಅವತ್ತು ಸಂಜೆ ಅವನ ಹೆಸರು ಬರೆದುಕೊಟ್ಟೆ. ಮಾರನೆಯ ದಿನ ಅವನ ವ್ಯಾನಿನಲ್ಲೇ ಎಲ್ಲರೂ ಏರ್‌ಪೋರ್ಟಿಗೆ ಹೋದೆವು.

ವಿಯೆನ್ನಾ ನನ್ನ ಮನಸ್ಸಿನಲ್ಲಿ ಬೂದಿ ಬಣ್ಣದ ಊರಾಗಿ ಉಳಿದಿದೆ. ಅಗಲವಾದ ರಸ್ತೆ, ಒಂದೇ ಎತ್ತರದ ಕಲ್ಲಿನ ಕಟ್ಟಡಗಳು, ಸದ್ದಿಲ್ಲದೆ ತಿರುಗುವ ಟ್ರಾಮುಗಳು. ಕಾಫಿ ಅಂಗಡಿಗಳಲ್ಲಿ ಮುದುಕಿಯರು ಟೋಪಿ ಹಾಕಿಕೊಂಡೇ ಕೇಕು ತಿನ್ನುತ್ತ ಕೂತಿರುತ್ತಿದ್ದರು. ಸ್ನೇಹಿತನ ಹೆಂಡತಿ ನಮ್ಮನ್ನೆಲ್ಲ ಒಂದು ಚರ್ಚಿನ ನೆಲಮಾಳಿಗೆಗೆ ಕರೆದುಕೊಂಡು ಹೋದಳು. ಅಲ್ಲಿ ಆ ದೇಶವನ್ನು ಆಳಿದವರ ಲೋಹದ ಶವಪೆಟ್ಟಿಗೆಗಳು ಸಾಲಾಗಿದ್ದವು. ಒಂದರ ಮೇಲೆ ಕಿರೀಟ ತೊಟ್ಟ ತಲೆಬುರುಡೆ ಕೆತ್ತಿತ್ತು. ನನಗೆ ಅಲ್ಲೇ ಚಳಿ ಹತ್ತಿತು. ಹೋಟೆಲು ಸೇರುವ ಹೊತ್ತಿಗೆ ಮೈ ಸುಡುತ್ತಿತ್ತು.

ಮರುದಿನ ಭಾನುವಾರ. ಭಾನುವಾರ ಆ ಊರಿನಲ್ಲಿ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ನಾನು ಹಾಸಿಗೆಯಲ್ಲಿದ್ದೆ. ಸ್ನೇಹಿತ ತೆರೆದಿರುವ ಔಷಧಿ ಅಂಗಡಿ ಹುಡುಕಿಕೊಂಡು ಮಳೆಯಲ್ಲಿ ಹೋದವನು ಎರಡು ಗಂಟೆಯ ಮೇಲೆ ತೊಯ್ದು ಬಂದ. ಮಾತ್ರೆ ಕೈಗೆ ಕೊಟ್ಟು, ಹಣೆ ಮುಟ್ಟಿ ನೋಡಿ, ತನ್ನ ಹೆಂಡತಿ ಮನೆಯಿಂದ ತಂದಿದ್ದ ಕರೆಂಟ್ ಕುಕ್ಕರಿನಲ್ಲಿ ಮಾಡಿದ್ದ ಗಂಜಿಯನ್ನು ಮುಂದಿಟ್ಟು ಕೂತ.

‘ಏನಾಗ್ಯದಲೇ ನಿಂಗ? ಜ್ವರ ಒಂದ ಅಲ್ಲ ಇದು. ವಿಮಾನ ಹತ್ತಿದಾಗಿಂದ ನೋಡ್ಲಿಕತ್ತೀನಿ, ಮಾರಿ ಸಣ್ಣದ ಮಾಡ್ಕೊಂಡಿ’ ಎಂದ.

‘ಆಫೀಸಿನ ಟೆನ್ಷನ್ನು ಕಣೋ’ ಎಂದೆ.

‘ಆಫೀಸ್ ಅಲ್ಲೇ ಇರ್ತದ ಬಿಡು. ಎಲ್ಲಿಗೂ ಓಡಿ ಹೋಗೂದಿಲ್ಲ.’

ವಿಯೆನ್ನಾದಿಂದ ವೆನಿಸ್‌ಗೆ ರೈಲಿನಲ್ಲಿ ಹಗಲಿಡೀ ಪ್ರಯಾಣ. ಬೆಟ್ಟಗಳ ಮೇಲೆ ಇನ್ನೂ ಹಿಮವಿತ್ತು. ಅವಲಕ್ಕಿ, ಚಟ್ನಿಪುಡಿ, ಮೊಸರು ಕಲಸಿಕೊಂಡು ಎಲ್ಲರೂ ತಿಂದೆವು. ಸುರಂಗ ಬಂದಾಗಲೆಲ್ಲ ಹುಡುಗಿ ಕೂಗುತ್ತಿದ್ದಳು. ಆಗ ಅವನು ಮನೆಯ ಮಾತು ತೆಗೆದ. ಕ್ಯಾಂಟನ್‌ಗೆ ಹತ್ತಿರದ ಊರು ನೋವೈಯಲ್ಲಿ ಒಂದು ಮನೆ ನೋಡಿದ್ದಾರೆ, ಹಿಂದೆ ಕೊಳವಿದೆ, ಸ್ಕೂಲು ಚೆನ್ನಾಗಿದೆ, ಈಗ ಬಿಟ್ಟರೆ ಇಂಥ ಮನೆ ಸಿಗುವುದಿಲ್ಲ. ಹಿಂದಿರುಗಿದ ವಾರವೇ ಕ್ಲೋಸಿಂಗ್, ಕಾಗದಗಳಿಗೆ ಕೊನೆಯ ಸಹಿ. ನನಗೆ ಅದು ಗೊತ್ತಿರಲಿಲ್ಲ. ‘ನಿಮಗ ಸರ್‌ಪ್ರೈಸ್ ಕೊಡೂಣು ಅಂತ ಹೇಳಿರಲಿಲ್ಲ ಅಣ್ಣಾ’ ಎಂದು ಅವನ ಹೆಂಡತಿ ನಕ್ಕಳು. ನನ್ನ ಹೆಂಡತಿ ಅವಳನ್ನು ತಬ್ಬಿಕೊಂಡಳು. ನಾನು ಎದ್ದು ಹೋಗಿ ಎರಡು ಬೋಗಿಗಳ ನಡುವೆ ನಿಂತೆ. ಯಾವುದೋ ಸಣ್ಣ ಊರಿನ ನಿಲ್ದಾಣ ಬಂತು, ಹೋಯಿತು. ನಾನು ಹಿಂದಿರುಗಿದಾಗಲೂ ಅವರು ಅಡುಗೆಮನೆಗೆ ಯಾವ ಬಣ್ಣ ಹೊಡೆಸುವುದೆಂದು ಮಾತಾಡುತ್ತಿದ್ದರು.

ವೆನಿಸ್ ಚಿತ್ರಗಳಲ್ಲಿ ಕಾಣುವಷ್ಟೇ ಸುಂದರ. ಚಿತ್ರಗಳಲ್ಲಿ ವಾಸನೆ ಇರುವುದಿಲ್ಲ, ಅಷ್ಟೆ. ಗೋಡೆಗಳ ಗಾರೆ ಕಿತ್ತುಬಂದು ಇಟ್ಟಿಗೆ ಕಾಣುತ್ತಿತ್ತು. ಬಾಗಿಲುಗಳ ಕೆಳಭಾಗ ನೀರಿನಲ್ಲಿ ಕೊಳೆತು ಹಸಿರಾಗಿತ್ತು. ನೀರಿಗಿಳಿಯುವ ಮೆಟ್ಟಿಲುಗಳಲ್ಲಿ ಕೊನೆಯವು ಎಲ್ಲಿ ಮುಗಿಯುತ್ತವೆಂದು ತಿಳಿಯುತ್ತಿರಲಿಲ್ಲ. ಇಷ್ಟೆಲ್ಲದರ ಮೇಲೆ ಬಿಸಿಲು ಬಿದ್ದು ಇಡೀ ಊರು ಹೊಳೆಯುತ್ತಿತ್ತು. ಸೂಟ್‌ಕೇಸುಗಳನ್ನು ಎತ್ತಿಕೊಂಡು ಸೇತುವೆ ಮೇಲೆ ಸೇತುವೆ ಹತ್ತಿಳಿದೆವು. ನನಗೆ ಇನ್ನೂ ನಿಶ್ಶಕ್ತಿ. ನನ್ನ ಸೂಟ್‌ಕೇಸನ್ನೂ ಅವನೇ ಹೊತ್ತ.

ಎರಡನೆಯ ದಿನ ಬೆಳಿಗ್ಗೆ ಹೆಂಗಸರು ಗಾಜಿನ ಸಾಮಾನಿನ ಅಂಗಡಿಗೆ ನುಗ್ಗಿದರು. ಸ್ನೇಹಿತನ ಹೆಂಡತಿ ಹೊಸ ಮನೆಯ ಊಟದ ಮೇಜಿನ ಮೇಲೆ ತೂಗುಬಿಡಲು ಜೇನು ಬಣ್ಣದ ಒಂದು ದೀಪ ಆರಿಸಿದಳು. ಅಂಗಡಿಯವನು ಅದನ್ನು ಅಮೆರಿಕಕ್ಕೆ ಕಳಿಸಿಕೊಡುತ್ತೇನೆಂದು ಪುಸ್ತಕ ತೆರೆದ. ಅವಳು ನೋವೈ ಮನೆಯ ವಿಳಾಸವನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳತೊಡಗಿದಳು. ನನಗೆ ತಡೆಯಲಾಗಲಿಲ್ಲ. ‘ಸ್ವಲ್ಪ ಹೊರಗೆ ಬಾ’ ಎಂದು ಅವನನ್ನು ಕರೆದೆ.

ಹತ್ತಿರದಲ್ಲೇ ಒಂದು ಸಣ್ಣ ಚೌಕ, ನಡುವೆ ಮುಚ್ಚಿದ ಬಾವಿ. ಅದರ ಕಟ್ಟೆಯ ಮೇಲೆ ಕುಳಿತೆವು.

‘ಆ ಮನೆಗೆ ಸೈನ್ ಮಾಡಬೇಡ’ ಎಂದೆ.

ಅವನು ನಗುತ್ತಲೇ ನನ್ನ ಮುಖ ನೋಡಿದ. ನಗು ನಿಂತಿತು. ‘ಯಾಕ?’

‘ಸೋಮವಾರ ಹೇಳ್ತಾರೆ. ಮೂರು ಜನ.’

‘ನಾನೂ ಇದ್ದೀನಿ?’

‘ಹೂಂ.’

ಎದುರಿನ ಕಿಟಕಿಯಲ್ಲಿ ಒಬ್ಬ ಹೆಂಗಸು ಒದ್ದೆ ಬಟ್ಟೆಗಳನ್ನು ಹಗ್ಗಕ್ಕೆ ಹಾಕುತ್ತಿದ್ದಳು. ಅವಳು ಕೊನೆಯ ಬಟ್ಟೆ ಹಾಕಿ ಒಳಗೆ ಹೋದಳು.

‘ನನ್ನ ಹೆಸರು ಕೊಟ್ಟಾವ ನೀನೇನು?’

‘ಹೌದು.’

‘ಯಾಕ ನಾನು?’

‘ಉಳಿದೋರಿಗಿಂತ ನೀನು ಹೊಸಬ’ ಎಂದೆ. ಅದು ಸುಳ್ಳಲ್ಲ. ನಿಜವೂ ಅಲ್ಲವೆಂದು ನನಗೆ ಗೊತ್ತಿತ್ತು.

ಅವನು ತಲೆಯಾಡಿಸಿದ. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ನಿಂತು ಪ್ಯಾಂಟಿನ ಧೂಳು ಕೊಡವಿಕೊಂಡು, ‘ಅಕಿಗೆ ಹೇಳಬ್ಯಾಡ. ನಿನ್ನ ಹೆಂಡ್ತಿಗೂ ಹೇಳಬ್ಯಾಡ. ಅಕಿ ರೋಮ್ ನೋಡ್ಲಿ. ಇಷ್ಟು ವರ್ಷದಿಂದ ಕನಸು ಕಾಣ್ಲಿಕತ್ತಾಳ. ಊರಿಗೆ ಹೋದ ಮ್ಯಾಲೆ ನಾನ ಹೇಳ್ತೀನಿ’ ಎಂದ. ಅಂಗಡಿಗೆ ಹೋಗಿ ದೀಪ ಬಹಳ ಚೆಂದ ಇದೆ ಎಂದು ಹೆಂಡತಿಗೆ ಹೇಳಿದ. ಸಂಜೆ ವಾಕಿಂಗ್ ಹೋಗಿ ಬರುತ್ತೇನೆಂದು ಒಬ್ಬನೇ ಹೊರಟ. ಆ ದೀಪ ಬೇಡವೆಂದು ಹೇಳಿಬರಲು ಹೋಗಿದ್ದನೆಂದು ನನಗೆ ತಿಳಿದದ್ದು ಆಮೇಲೆ.

ರೋಮ್‌ನಲ್ಲಿ ನಾಲ್ಕು ದಿನ ಇದ್ದೆವು. ಮುರಿದ ಕಂಬಗಳ ನಡುವೆ ಬೆಕ್ಕುಗಳು ಮಲಗಿದ್ದವು. ಕಲ್ಲುಚಪ್ಪಡಿಗಳಲ್ಲಿ ಗಾಡಿಯ ಚಕ್ರಗಳು ಕೊರೆದ ಗೆರೆಗಳು ಹಾಗೇ ಇದ್ದವು. ಸ್ನೇಹಿತನ ಹೆಂಡತಿ ಮತ್ತೆ ಮೇಡಂ ಆಗಿಬಿಟ್ಟಳು. ಬಿಸಿಲಿನಲ್ಲಿ ಒಂದು ಕಲ್ಲಿನ ಮೇಲೆ ಹತ್ತಿ ನಿಂತು, ಇಲ್ಲಿ ಮಾರುಕಟ್ಟೆಯಿತ್ತು, ಇಲ್ಲಿ ಸಭೆ ಸೇರುತ್ತಿತ್ತು, ಇಷ್ಟು ದೊಡ್ಡ ರಾಜ್ಯ ಹೇಗೆ ಕುಸಿಯಿತು ಎಂದು ಕೈಬೀಸಿ ವಿವರಿಸಿದಳು. ಅವಳ ಮುಖ ಅಷ್ಟು ಬೆಳಗಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಅವನು ಛತ್ರಿ ಹಿಡಿದು ಪಕ್ಕದಲ್ಲಿ ನಿಂತು ಶ್ರದ್ಧೆಯ ವಿದ್ಯಾರ್ಥಿಯಂತೆ ಪ್ರಶ್ನೆ ಕೇಳುತ್ತಿದ್ದ. ಜೋಕು ಹೇಳಿದ. ಎಲ್ಲರಿಗೂ ಐಸ್‌ಕ್ರೀಮ್ ತಂದ. ನನ್ನ ಜೊತೆಗೂ ಮೊದಲಿನಂತೆಯೇ ಮಾತಾಡಿದ. ನಾನು ಮಾತ್ರ ಅವನ ಕಣ್ಣು ತಪ್ಪಿಸಿಕೊಂಡು ಓಡಾಡಿದೆ.

ಒಂದೇ ಒಂದು ಸಲ ಅವನ ಹಿಡಿತ ತಪ್ಪಿತು. ಯಾವುದೋ ಚರ್ಚಿನ ಮೆಟ್ಟಿಲ ಮೇಲೆ ಮಗಳ ಶೂ ಲೇಸು ಕಟ್ಟಲು ಕೂತವನು ತಲೆ ತಗ್ಗಿಸಿಕೊಂಡು ಹಾಗೇ ಉಳಿದುಬಿಟ್ಟ. ಜನ ಅವನನ್ನು ಸುತ್ತಿಕೊಂಡು ಹತ್ತಿಹೋಗುತ್ತಿದ್ದರು. ‘ಅಪ್ಪಾ, ಇಟ್ಸ್ ಡನ್. ಲೆಟ್ ಗೋ ಆಫ್ ಮೈ ಫುಟ್’ ಎಂದಳು ಹುಡುಗಿ. ಆಗ ಎದ್ದ.

ಸೋಮವಾರ ಡೆಟ್ರಾಯಿಟ್‌ನಲ್ಲಿ ಮಂಜು ಬೀಳುತ್ತಿತ್ತು. ಕಂಪನಿಯವರು ಬರೆದುಕೊಟ್ಟ ನಾಲ್ಕು ಸಾಲನ್ನು ನಾನು ಅವನ ಮುಂದೆ ಓದಿದೆ. ಪಕ್ಕದಲ್ಲಿ ಎಚ್‌ಆರ್‌ನವಳು ಕೂತಿದ್ದಳು. ಅವನು ಮೊದಲ ಸಲ ಕೇಳುವವನಂತೆ ಕೇಳಿದ. ನನ್ನನ್ನು ಕಾಪಾಡಲಿಕ್ಕೇ ಹಾಗೆ ಕೇಳಿದ. ಕೈಕುಲುಕಿ, ಮೇಜಿನ ಸಾಮಾನು ತುಂಬಿದ ಡಬ್ಬ ಎತ್ತಿಕೊಂಡು ಹೋದ. ಅವತ್ತೇ ಹೆಂಡತಿಗೆ ಕೆಲಸ ಹೋಯಿತೆಂದಷ್ಟೇ ಹೇಳಿದನಂತೆ. ಮನೆ ಕೊಳ್ಳುವುದು ನಿಂತಿತು.

ಕೆಲವು ವಾರ ಕಳೆದ ಮೇಲೆ ಅವಳು ವೆನಿಸ್‌ನ ಅಂಗಡಿಗೆ ಫೋನ್ ಮಾಡಿದಳು. ದೀಪವನ್ನು ನೋವೈಗೆ ಕಳಿಸಬೇಡಿ, ಕ್ಯಾಂಟನ್ ಮನೆಗೆ ಕಳಿಸಿ ಎನ್ನುವುದಕ್ಕೆ. ‘ಅದನ್ನು ನಿಮ್ಮವರು ಕೊಂಡ ದಿನವೇ ಸಂಜೆ ಬಂದು ಬೇಡವೆಂದು ಹೇಳಿ ಹೋದರಲ್ಲ’ ಎಂದನಂತೆ ಅಂಗಡಿಯವನು. ಅವಳು ಗಂಡನನ್ನು ಕೂರಿಸಿಕೊಂಡು ಕೇಳಿದಳು. ಅವನು ಎಲ್ಲವನ್ನೂ ಹೇಳಿದ. ಅಂದಿನಿಂದ ಅವಳು ನಮ್ಮ ಮನೆಗೆ ಬರಲಿಲ್ಲ, ನನ್ನ ಹೆಂಡತಿಯ ಫೋನೂ ಎತ್ತಲಿಲ್ಲ. ಕೆಲಸ ಹೋದ ದುಃಖ, ಸರಿಹೋಗುತ್ತದೆ ಎಂದುಕೊಂಡಳು ನನ್ನವಳು. ನಾನು ಅವಳಿಗೆ ಏನನ್ನೂ ಹೇಳಿರಲಿಲ್ಲ. ಎಂಟು ತಿಂಗಳು ಅಲೆದ ಮೇಲೆ ಅವನಿಗೆ ಶಿಕಾಗೋದಲ್ಲಿ ಕಾಂಟ್ರಾಕ್ಟ್ ಕೆಲಸ ಸಿಕ್ಕಿತು. ಅದರ ಪಕ್ಕದ ಸ್ಕೋಕಿಯಲ್ಲಿ ಒಂದು ಅಪಾರ್ಟ್‌ಮೆಂಟಿಗೆ ಹೋದರು. ಆ ಚಳಿಗಾಲ ನಮ್ಮ ವಿಭಾಗವನ್ನೇ ಮುಚ್ಚಿದರು. ನನಗೂ ಯಾರೋ ನಾಲ್ಕು ಸಾಲು ಓದಿದರು. ಒಂದು ವರ್ಷ ಮನೆಯಲ್ಲಿ ಕೂತು, ಕಡೆಗೆ ನಾವೂ ಇಲಿನಾಯ್ಸ್‌ಗೆ ಬಂದು ಶಿಕಾಗೋ ಹತ್ತಿರದ ಪ್ಲೇನ್‌ಫೀಲ್ಡ್ ಸೇರಿದೆವು.

ಸ್ನೇಹಿತನ ಹೆಂಡತಿಯನ್ನು ಮತ್ತೆ ನೋಡಿದ್ದು ಹತ್ತಿರದ ಊರು ಅರೋರಾದ ದೇವಸ್ಥಾನದಲ್ಲಿ, ಒಂದು ಭಾನುವಾರ ಮಧ್ಯಾಹ್ನ. ಕೆಳಗಿನ ಕ್ಯಾಂಟೀನಿನಲ್ಲಿ ಪುಳಿಯೋಗರೆಗೆ ಸಾಲಿನಲ್ಲಿ ನಿಂತಿದ್ದೆ. ನನ್ನ ಹೆಂಡತಿ ಮೇಲೆ ಅರ್ಚನೆಗೆ ನಿಂತಿದ್ದಳು. ಸ್ನೇಹಿತನ ಹೆಂಡತಿ ನನ್ನನ್ನು ನೋಡಿ ಮುಖ ತಿರುಗಿಸಲಿಲ್ಲ. ನೇರ ಹತ್ತಿರ ಬಂದಳು.

‘ನೀವು ಅವರ ಕೆಲಸ ತಗದ್ರಿ ಅಂತ ನಂಗ ಸಿಟ್ಟಿಲ್ಲ. ಯಾರರ ಒಬ್ಬರದು ಹೋಗೇ ಹೋಗ್ತಿತ್ತು. ಆದ್ರ ನಾಕ ದಿನ ನಾ ಆ ಬಿಸಲಾಗ ನಿಂತು ರಾಜ್ಯ ಹ್ಯಾಂಗ ಬಿತ್ತು ಅಂತ ನಿಮಗ ಪಾಠ ಹೇಳೀನಿ. ನೀವಿಬ್ಬರೂ ಕೇಳ್ಕೋತ ನಿಂತ್ರಿ. ನೆನಸಿಕೊಂಡ್ರ ಇವತ್ತಿಗೂ ಮೈಯೆಲ್ಲ ಹಿಡಿಯಾಗ್ತದ ನಂಗ.’

‘ನಿಮಗೋಸ್ಕರಾನೇ ಅವನು...’ ಎಂದೆ.

‘ಗೊತ್ತದ. ಅವರಿಗೂ ಇದನ್ನ ಹೇಳೀನಿ. ನನ್ನ ಒಂದು ಮಾತು ಕೇಳಿದ್ರ, ರೋಮ್ ಬಿಟ್ಟು ಅವರ ಜೋಡಿ ಆ ಹೋಟೆಲ್ ರೂಮ್‌ನಾಗ ಕೂಡ್ತಿದ್ದೆ. ಅಷ್ಟೂ ತಿಳಿಯಂಗಿಲ್ಲ ನಂಗ ಅನ್ಕೊಂಡ್ರೇನು ನೀವು?’

ಅವಳ ಬಾಯಲ್ಲಿ ‘ಅಣ್ಣಾ’ ಬರಲಿಲ್ಲ. ಉತ್ತರಕ್ಕೆ ಕಾಯದೆ ಹೋದಳು.

ಮನೆಗೆ ಹೆಂಡತಿ ಡ್ರೈವ್ ಮಾಡುತ್ತಿದ್ದಳು. ಏನಾಯಿತೆಂದು ಕೇಳಿದಳು. ಗುರುವಾರದ ಬಾಗಿಲು ಮುಚ್ಚಿದ ಕೋಣೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಯಾಕೆ ಅವನ ಹೆಸರನ್ನೇ ಬರೆದೆ ಎನ್ನುವುದನ್ನೂ ಹೇಳಿದೆ. ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ರಸ್ತೆಯ ಎರಡೂ ಬದಿ ಮೆಕ್ಕೆಜೋಳದ ಹೊಲಗಳು ಕಟಾವಾಗಿ ಬೋಳಾಗಿದ್ದವು.

‘ಅಷ್ಟು ದಿನ ಪಕ್ಕದಲ್ಲೇ ಮಲಗಿದ್ದೆನಲ್ರೀ ನಾನು’ ಎಂದಳು ಕೊನೆಗೆ.

ಗರಾಜಿನಲ್ಲಿ ಕಾರು ನಿಲ್ಲಿಸಿ ಇಂಜಿನ್ ಆರಿಸಿದ ಮೇಲೂ ಅವಳು ಸ್ಟಿಯರಿಂಗ್ ಹಿಡಿದುಕೊಂಡೇ ಕೂತಿದ್ದಳು. ನಾನು ಇಳಿದು ಒಳಗೆ ಹೋದೆ.