ದೋಣಿಯಡಿಯ ಬಡಿತ

ನನ್ನ ಗಂಡನ ಅಕ್ಕ ಲಹೋಮಾ ಟಿಡ್ವೆಲ್ ಮೀನನ್ನು ಬಡಿದು ಕರೆಯುತ್ತಿದ್ದಳು. ಬಡಿಯುತ್ತಿದ್ದದ್ದು ಮೀನನ್ನಲ್ಲ, ದೋಣಿಯ ನೆಲವನ್ನು. ಹಳೆಯದೊಂದು ಕೊಡಲಿಯ ಕಾವು ಸದಾ ಅವಳ ದೋಣಿಯಲ್ಲಿ ಬಿದ್ದಿರುತ್ತಿತ್ತು. ಎಂಜಿನ್ ನಿಲ್ಲಿಸಿ ಗಾಳಗಳನ್ನೆಲ್ಲ ಇಳಿಬಿಟ್ಟ ಮೇಲೆ, ಆ ಕಾವಿನ ದಪ್ಪ ತುದಿಯಿಂದ ಅಲ್ಯೂಮಿನಿಯಂ ನೆಲಕ್ಕೆ ಢಬ್, ಢಬ್, ತುಸು ತಡೆದು ಮತ್ತೊಂದು ಢಬ್. ಆಳದಲ್ಲಿ ಅಲೆಯುವ ಪಟ್ಟೆಮೀನಿನ ಹಿಂಡಿಗೆ ಆ ಸದ್ದು ಕೇಳಿದರೆ, ಇನ್ಯಾರೋ ಅಲ್ಲಿ ಮೇಯುತ್ತಿದ್ದಾರೆ, ನಮಗೆಲ್ಲಿ ತಪ್ಪಿಹೋಗುತ್ತದೋ ಎಂದು ನುಗ್ಗಿ ಬರುತ್ತವೆ. ಟೆಕ್ಸೋಮಾ ಕೆರೆಯಲ್ಲಿ ಅವಳಂತೆಯೇ ದೋಣಿ ಬಾಡಿಗೆಗೆ ಓಡಿಸುವ ಗಂಡಸರು ಅನೇಕರು ಹೀಗೆ ಬಡಿಯುತ್ತಾರೆ. ಆದರೆ ಲಹೋಮಕ್ಕನ ಬಡಿತಕ್ಕೆ ಬಂದಷ್ಟು ಮೀನು ಬೇರೆ ಯಾರ ಬಡಿತಕ್ಕೂ ಬರುತ್ತಿರಲಿಲ್ಲ.

ಬೇಸಿಗೆ ಕಳೆದರೆ ಅವಳು ಶಾಲೆಯ ಬಸ್ಸು ಓಡಿಸುತ್ತಿದ್ದಳು. ಗದ್ದಲ ಮಾಡುವ ಮಕ್ಕಳನ್ನು ಗದರಿದವಳಲ್ಲ. ತಲೆಯ ಮೇಲಿನ ಕನ್ನಡಿಯಲ್ಲಿ ಒಮ್ಮೆ ನೋಡುತ್ತಿದ್ದಳು, ಬಸ್ಸಿಗೆ ಬಸ್ಸೇ ಬಾಯಿ ಮುಚ್ಚುತ್ತಿತ್ತು. ಮದುವೆಯಾಗಿರಲಿಲ್ಲ. ಪಕ್ಕದ ಊರು ಡ್ಯುರಾಂಟಿನ ಒಬ್ಬ ಬಡಗಿ ಅವಳಿಗಾಗಿ ಕೆಲವು ವರ್ಷ ಕಾದಿದ್ದನಂತೆ. ಅಷ್ಟರಲ್ಲಿ ನಮ್ಮತ್ತೆಗೆ ಲಕ್ವ ಹೊಡೆದು ಮಾತು ನಿಂತುಹೋಯಿತು, ಬಲಗೈ ಬಿದ್ದುಹೋಯಿತು. ಬಡಗಿ ಬೇರೆ ಕಡೆ ಮದುವೆಯಾದ. ಲಹೋಮಕ್ಕ ಕೆರೆಯ ದಂಡೆಯ ಮನೆಯಲ್ಲಿ ತಾಯಿಯ ಜೊತೆ ಉಳಿದಳು.

ಅತ್ತೆಗೆ ಏನು ಬೇಕಾದರೂ ಎಡಗೈಯಲ್ಲಿ ತಲೆಯ ಬ್ರಷ್ಷು ಹಿಡಿದು ಮಂಚದ ಪಕ್ಕದ ಗೋಡೆಗೆ ಬಡಿಯುತ್ತಿದ್ದರು. ನೀರು ಬೇಕಾದರೂ ಬಡಿತ, ಹೊದಿಕೆ ಜಾರಿದರೂ ಬಡಿತ, ಕಿಟಕಿಯಾಚೆ ಅಳಿಲು ಕಂಡರೂ ಬಡಿತ. ಪ್ರತಿ ಜುಲೈನಲ್ಲಿ ನಾನು, ನನ್ನ ಗಂಡ ಡಾಯ್ಲ್, ಮಕ್ಕಳಿಬ್ಬರು ಟಲ್ಸಾದಿಂದ ಒಂದು ವಾರ ರಜೆಗೆ ಬರುತ್ತಿದ್ದೆವು. ಮೀನು ಹಿಡಿಯುತ್ತಿದ್ದೆವು, ಈಜುತ್ತಿದ್ದೆವು, ಕಲ್ಲಂಗಡಿ ತಿಂದು ಸಿಪ್ಪೆಯನ್ನು ನೀರಿಗೆ ಎಸೆಯುತ್ತಿದ್ದೆವು. ಡಾಯ್ಲ್ ಎ.ಸಿ. ರಿಪೇರಿ ಮಾಡುವವನು. ಬೇಸಿಗೆಯಲ್ಲಿ ಆ ಒಂದು ವಾರ ಕಿತ್ತುಕೊಳ್ಳುವುದೇ ಅವನಿಗೆ ದೊಡ್ಡದು. ಉಳಿದ ದಿನಗಳಲ್ಲಿ ಭಾನುವಾರಕ್ಕೊಮ್ಮೆ ಫೋನು. ಫೋನನ್ನು ಲಹೋಮಕ್ಕ ತಾಯಿಯ ಕಿವಿಗೆ ಹಿಡಿಯುತ್ತಿದ್ದಳು. ಅತ್ತೆ ಗೋಡೆ ಬಡಿಯುತ್ತಿದ್ದರು. "ಸರಿ ಅಮ್ಮ, ಸರಿ" ಎಂದು ಇವನು ಇಟ್ಟುಬಿಡುತ್ತಿದ್ದ.

ಅತ್ತೆ ತೀರಿಕೊಂಡದ್ದು ಒಂದು ಫೆಬ್ರವರಿಯಲ್ಲಿ. ಆ ಜುಲೈನಲ್ಲಿ ಲಹೋಮಕ್ಕ ನನಗೂ ಡಾಯ್ಲ್‌ಗೂ ಅವರ ಕೋಣೆಯಲ್ಲೇ ಹಾಸಿಗೆ ಹಾಕಿಕೊಟ್ಟಳು. ಗೋಡೆಯ ಮೇಲೆ ಮಂಚದ ಎತ್ತರಕ್ಕೆ, ಸಿಡುಬಿನ ಕಲೆಗಳ ಹಾಗೆ, ಸಣ್ಣ ಸಣ್ಣ ಕುಳಿಗಳು ತುಂಬಿದ್ದವು. ಡಾಯ್ಲ್ ಬಟ್ಟೆಯ ಚೀಲ ಕೆಳಗಿಟ್ಟು ಅವುಗಳ ಮೇಲೆ ಬೆರಳಾಡಿಸಿದ. ಊಟಕ್ಕೆ ಕರೆಯುವವರೆಗೂ ಅಲ್ಲಿಂದ ಕದಲಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರೂ ದೋಣಿಗೆ ಹತ್ತಿದೆವು. ದೋಣಿ ಕಟ್ಟುವ ಕಟ್ಟೆಯಲ್ಲಿ ಗಾಳದ ಅಂಗಡಿ ಇಟ್ಟಿರುವ ವರ್ಡೆಲ್ ಇಂಪ್ಸನ್ ಬಲೆ ಕೊಡವುತ್ತ ನಿಂತಿದ್ದ. ಲಹೋಮಕ್ಕನ ಶಾಲೆಯ ದಿನಗಳ ಗೆಳೆಯ.

"ಬಂದ್ಯೇನಪ್ಪಾ ಡಾಯ್ಲ್! ಹೋದ ವರ್ಷ ನಿನ್ನ ಕೈ ಬಿಟ್ಟೋಯ್ತಲ್ಲ ಒಂದು ಮೀನು, ಅದು ಇನ್ನೂ ನಗ್ತಾನೇ ಇದೆ ಕಣೋ."

"ಇವತ್ತು ಅಳಿಸ್ತೀನಿ ಬಿಡು."

"ಅಳೋದು ಯಾರು ಅಂತ ಸಾಯಂಕಾಲ ನೋಡೋಣ."

ಕೆರೆ ಕದಡದ ಚಹಾದ ಹಾಗೆ ಕೆಂಪಗೆ ನಿಂತಿತ್ತು. ನೀರಿನ ಮೇಲೆ ತೆಳ್ಳಗೆ ಹಬೆ. ಲಹೋಮಕ್ಕ ಕೆರೆಯ ನಡುವಿನ ದ್ವೀಪದಾಚೆ ಎಂಜಿನ್ ನಿಲ್ಲಿಸಿ, ಗಾಳಗಳಿಗೆ ಜೀವಂತ ಸಣ್ಣ ಮೀನು ಸಿಕ್ಕಿಸಿ ಇಳಿಬಿಟ್ಟು, ಬಡಿದಳು. ಮೀನು ತೋರಿಸುವ ಪರದೆಯ ಮೇಲೆ ಮೊದಲು ಒಂದೆರಡು ಗೆರೆ, ಆಮೇಲೆ ಗೆರೆಗಳ ರಾಶಿ. ಗಾಳದ ಕೋಲುಗಳೆಲ್ಲ ಒಟ್ಟಿಗೆ ಬಾಗಿದವು. ಮಕ್ಕಳು ಕಿರುಚಿದರು, ದಾರಗಳು ತೊಡರಿದವು, ಡಾಯ್ಲ್‌ನ ಟೋಪಿ ನೀರುಪಾಲಾಯಿತು. ಮಂಜುಗಡ್ಡೆಯ ಡಬ್ಬಿಯೊಳಗೆ ಬೆಳ್ಳಿ ಮೈಯ ಮೇಲೆ ಕರಿ ಪಟ್ಟೆ ಎಳೆದಂತಿದ್ದ ಮೀನುಗಳು ಬಾಲ ಬಡಿಯತೊಡಗಿದವು.

ಸ್ವಲ್ಪ ಹೊತ್ತಿಗೆ ಹಿಂಡು ಚದುರಿತು. ಲಹೋಮಕ್ಕ ಮತ್ತೆ ಕಾವು ತೆಗೆದುಕೊಂಡು ಬಡಿದಳು. ಢಬ್, ಢಬ್, ತಡೆದು ಢಬ್.

ಕೆಳಗಿನಿಂದ ಉತ್ತರ ಬಂತು.

ಢಬ್, ಢಬ್. ತಡೆದು, ಢಬ್.

ಕಿವಿಗಿಂತ ಮೊದಲು ಅದು ನನ್ನ ಪಾದಗಳಿಗೆ ಗೊತ್ತಾಯಿತು. ಮಗಳು ನಕ್ಕು, "ಇನ್ನೊಂದ್ಸಲ ಹೊಡಿ!" ಎಂದಳು. ಅದನ್ನೂ ಲಹೋಮಕ್ಕನೇ ಹೊಡೆದಳು ಎಂದು ಅವಳ ಎಣಿಕೆ. ಆದರೆ ಲಹೋಮಕ್ಕನ ಕೈ ಕಾವಿನ ಸಮೇತ ಗಾಳಿಯಲ್ಲೇ ನಿಂತಿತ್ತು. ಪರದೆ ನೋಡಿದೆ. ಒಂದೇ ಒಂದು ಗೆರೆ ಇರಲಿಲ್ಲ. ತಳದವರೆಗೂ ಬರೀ ನೀಲಿ.

"ಮುಳುಗಿರೋ ಮರದ ಬೊಡ್ಡೆ ಇರ್ಬೇಕು, ತಾಗಿದೆ," ಎಂದ ಡಾಯ್ಲ್.

"ಇಲ್ಲಿ ಅರವತ್ತಡಿ ನೀರಿದೆ. ಅಷ್ಟುದ್ದದ ಮರ ನೀನು ನೆಟ್ಟಿದ್ಯಾ?" ಎಂದಳು ಲಹೋಮಕ್ಕ. ದನಿ ಮಾಮೂಲಿನಂತೆಯೇ ಇತ್ತು. ಕಾವನ್ನು ಸದ್ದಾಗದ ಹಾಗೆ, ಮಲಗಿದ ಕೂಸನ್ನು ಇಳಿಸಿದಂತೆ ಕೆಳಗಿಟ್ಟಳು. "ದಾರ ಸುತ್ತಿ. ಇವತ್ತಿಗೆ ಮೀನು ಸಾಕು."

ಮಧ್ಯಾಹ್ನ ಮುಸುಕಿನ ಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದ ಮೀನು, ಬೆಂಡೆಕಾಯಿ, ಟೊಮೇಟೊ ಹೋಳು. ಮಕ್ಕಳು ತಿಂದು ಈಜಲು ಓಡಿದರು. ಡಾಯ್ಲ್ ತಟ್ಟೆ ಮುಟ್ಟಿರಲಿಲ್ಲ.

"ಅಕ್ಕ, ಅದು ಅಮ್ಮ ಬಡಿಯೋ ಥರಾನೇ ಇತ್ತು."

"ಅದು ನಾನು ಬಡಿಯೋ ಥರ. ಯಾರೋ ಕಲ್ತಿದಾರೆ, ಅಷ್ಟೆ."

"ಯಾರು ಕಲೀತಾರೆ ಅಲ್ಲಿ?"

"ನನಗೇನೋ ಗೊತ್ತು. ಅಮ್ಮ ಮಾತ್ರ ಅಲ್ಲ. ಇನ್ನೊಬ್ರು ಮೊದಲು ಬಡೀಲಿ ಅಂತ ಅಮ್ಮ ಯಾವತ್ತು ಕಾದಿದ್ಲು?"

ನನಗೆ ನಗು ಬಂತು. ಡಾಯ್ಲ್‌ಗೆ ಬರಲಿಲ್ಲ. "ನಾಳೆ ಅಣೆಕಟ್ಟಿನ ಕಡೆ ಹೋಗೋಣ, ಆ ಕಡೆ ಬೇಡ," ಎಂದು ಲಹೋಮಕ್ಕ ಎದ್ದು ಕಾವನ್ನು ದೋಣಿಯಿಂದ ತಂದು ಜಗುಲಿಯ ಮೂಲೆಗೆ ಒರಗಿಸಿದಳು.

ಬೆಳಿಗ್ಗೆ ನನಗೆ ಎಚ್ಚರವಾದಾಗ ಬಿಸಿಲು ಬಂದಿತ್ತು. ಪಕ್ಕದಲ್ಲಿ ಡಾಯ್ಲ್ ಇರಲಿಲ್ಲ. ಅಡುಗೆಮನೆಯಲ್ಲಿ ಲಹೋಮಕ್ಕ ಕಾಫಿ ಕಾಯಿಸುತ್ತ ನಿಂತಿದ್ದಳು. ಅವನು ಮಕ್ಕಳಿಗೆ ತಿಂಡಿ ತರಲು ಹೋಗಿರಬೇಕು ಎಂದುಕೊಂಡಿದ್ದಳಂತೆ. ಅಷ್ಟರಲ್ಲಿ ವರ್ಡೆಲ್ ಬಾಗಿಲಿಗೆ ಬಂದ. ಯಾವತ್ತೂ ಗೇಲಿಯಿಂದಲೇ ಮಾತು ಶುರು ಮಾಡುವವನು ಅಂದು ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

"ಲಹೋಮಾ, ನಿನ್ನ ತಮ್ಮ ಬೆಳಕು ಹರಿಯೋ ಮುಂಚೇನೇ ದೋಣಿ ತಗೊಂಡು ಹೋದ. ದ್ವೀಪದಾಚೆ ಬಡೀತಾ ಇದಾನೆ. ಕಟ್ಟೆವರೆಗೂ ಕೇಳ್ತಾ ಇದೆ."

"ಬಡೀಲಿ ಬಿಡು, ಹಸಿವಾದ್ರೆ ಬರ್ತಾನೆ," ಎಂದೆ ನಾನು. ಹಾಗೆ ಅಂದದ್ದು ನನ್ನ ಸಮಾಧಾನಕ್ಕೆ.

ವರ್ಡೆಲ್ ನನ್ನ ಕಡೆ ನೋಡಲಿಲ್ಲ. "ಇಬ್ರು ಬಡೀತಾ ಇದಾರೆ ಕಣಮ್ಮ. ದುರ್ಬೀನು ಹಾಕಿ ನೋಡ್ದೆ. ದೋಣೀಲಿ ಇರೋನು ಒಬ್ನೇ."

ಜಗುಲಿಯ ಮೂಲೆ ಖಾಲಿ ಇತ್ತು. ಲಹೋಮಕ್ಕ ಒಲೆ ಆರಿಸಿದಳು. ಮಕ್ಕಳನ್ನು ವರ್ಡೆಲ್‌ನ ಹೆಂಡತಿಯ ಬಳಿ ಬಿಟ್ಟು ಅವನ ದೋಣಿಯಲ್ಲೇ ಹೊರಟೆವು. ದ್ವೀಪದ ಹತ್ತಿರ ಅವನು ಎಂಜಿನ್ ನಿಲ್ಲಿಸಿದ. ಆಗ ಕೇಳಿತು. ಢಬ್, ಢಬ್, ಢಬ್. ಅದರ ಬೆನ್ನಿಗೇ, ಮುಚ್ಚಿದ ಬಾಗಿಲಿನಾಚೆಯಿಂದ ಬಂದ ಹಾಗೆ, ಅದೇ ಸದ್ದು. ಸುತ್ತ ಒಂದು ಹಕ್ಕಿಯೂ ಇರಲಿಲ್ಲ. ಬೇಸಿಗೆಯ ಬೆಳಗಿನಲ್ಲಿ ಬೆಳ್ಳಕ್ಕಿಗಳಿಲ್ಲದ ಕೆರೆಯನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಡಾಯ್ಲ್ ದೋಣಿಯ ನಡುವೆ ಮೊಣಕಾಲೂರಿ ಕೂತಿದ್ದ. ಗಾಳ ಒಂದೂ ಇಳಿಸಿರಲಿಲ್ಲ. ಕಾವಿನ ತುದಿ ಸೀಳಿ ಪೊರಕೆಯಂತಾಗಿತ್ತು. ನೆಲದ ಅಲ್ಯೂಮಿನಿಯಂ ತಟ್ಟೆಯಂತೆ ತಗ್ಗಿತ್ತು. ಹೆಸರು ಹಿಡಿದು ಕೂಗಿದೆ. ತಲೆಯೆತ್ತಲಿಲ್ಲ. ಲಹೋಮಕ್ಕ ದಾಟಿ ಆ ದೋಣಿಗೆ ಇಳಿದಳು. ನಾನೂ ಇಳಿದೆ. ವರ್ಡೆಲ್ ತನ್ನ ದೋಣಿಯನ್ನು ಸ್ವಲ್ಪ ದೂರಕ್ಕೆ ಸರಿಸಿಕೊಂಡ.

ಹತ್ತಿರದಿಂದ ನೋಡಿದಾಗ ಅವನ ಅಂಗೈಯ ರಕ್ತ ಕಾವಿನ ಮೇಲೆ ಇಳಿಯುತ್ತಿದ್ದದ್ದು ಕಂಡಿತು.

"ಕೊಡೋ ಇಲ್ಲಿ," ಎಂದಳು ಲಹೋಮಕ್ಕ.

"ಆಗಲ್ಲ ಅಕ್ಕ. ನಿಲ್ಸಿದ್ರೆ ಮೊದಲಿಂದ ಶುರು ಮಾಡತ್ತೆ."

"ಮಾಡ್ಲಿ."

"ನಿನಗೆ ಗೊತ್ತಾಗಲ್ಲ. ಏನೋ ಬೇಕು ಅಂತ ಕೇಳ್ತಾ ಇದೆ ಅದು. ನಾನು ನಿಲ್ಸಿದ್ರೆ ಮತ್ತೆ ಕೇಳತ್ತೆ."

ಅವಳು ಎದುರಿಗೆ ಕೂತು ಅವನ ಎರಡೂ ಮಣಿಕಟ್ಟುಗಳನ್ನು ಹಿಡಿದುಕೊಂಡಳು. ಬಸ್ಸಿನ ಚಕ್ರ ತಿರುಗಿಸಿ ಗಟ್ಟಿಯಾದ ಕೈ. ಕಾವು ಉರುಳಿ ನನ್ನ ಕಾಲ ಬಳಿ ಬಂತು. ನಾನು ಅದನ್ನು ಮುಟ್ಟಲಿಲ್ಲ.

ಕೆಳಗಿನದು ಬಡಿಯಿತು. ಕಾಯಿತು. ಮತ್ತೆ ಬಡಿಯಿತು. ಆಮೇಲೆ ಅದು ಹುಡುಕತೊಡಗಿತು. ಹಾಗಲ್ಲದೆ ಬೇರೆ ಹೇಗೆ ಹೇಳಲಿ? ದೋಣಿಯ ಮೂತಿಯ ಕಡೆ ಬಡಿಯಿತು, ಎಡಕ್ಕೆ ಬಡಿಯಿತು, ಡಾಯ್ಲ್‌ನ ಮೊಣಕಾಲ ಕೆಳಗೆ ಬಡಿಯಿತು. ಕಡೆಗೆ ನನ್ನ ಪಾದಗಳ ಕೆಳಗೆ ಬಂದು ನಿಂತು, ಮೆಲ್ಲಗೆ, ಬೆರಳ ಗೆಣ್ಣಿನಿಂದ ಎಂಬಂತೆ ತಟ್ಟಿತು. ದೋಣಿಯ ತೊಟ್ಟಿಯಲ್ಲಿದ್ದ, ಗಾಳಕ್ಕೆ ಸಿಕ್ಕಿಸುವ ಸಣ್ಣ ಮೀನುಗಳೆಲ್ಲ ಒಂದೇ ಮೂಲೆಗೆ ಒತ್ತಿಕೊಂಡು ಬಾಯಿ ತೆರೆದು ನಿಂತಿದ್ದವು. ಕೂಗಿದರೆ ನನ್ನ ದನಿಯನ್ನೂ ಅದು ಕಲಿತುಬಿಡುತ್ತದೆ ಎಂಬ ಹೆದರಿಕೆ ಆಗ ಎಲ್ಲಿಂದಲೋ ಹೊಕ್ಕಿತ್ತು.

"ಕೇಳಿಲ್ಲಿ," ಎಂದಳು ಲಹೋಮಕ್ಕ, ಅಡುಗೆಮನೆಯಲ್ಲಿ ಮಾತಾಡುವಷ್ಟೇ ದನಿಯಲ್ಲಿ. "ಅಮ್ಮ ಬಿದ್ದ ಮೊದಲನೇ ವರ್ಷ ಬಡಿದಾಗೆಲ್ಲ ನಾನು ಓಡ್ತಿದ್ದೆ. ಹೋಗಿ ನೋಡಿದ್ರೆ ಏನೂ ಬೇಕಿರ್ತಿರಲಿಲ್ಲ. ವಾಪಸ್ ಬಂದು ಕೂತ್ರೆ ಮತ್ತೆ. ನನಗೆ ಹುಚ್ಚು ಹಿಡಿಯೋದೊಂದು ಬಾಕಿ. ಆಮೇಲೆ ತಿಳೀತು. ಕೆಲವು ಬಡಿತಕ್ಕೆ ಏನೂ ಬೇಕಿರಲ್ಲ ಕಣೋ. ಬಡೀತಾ ಇರಬೇಕು, ಅಷ್ಟೆ. ಕೂತಲ್ಲೇ ಕೂತು ಕೇಳಿಸ್ಕೊಂಡ್ರೆ ತಾನಾಗೇ ನಿಲ್ಲತ್ತೆ."

"ಅಮ್ಮನೇ ಆಗಿದ್ರೆ?" ಡಾಯ್ಲ್ ಅಳುತ್ತಿದ್ದ. "ನಾನು ಒಂದ್ಸಲಾನೂ..."

"ಅಮ್ಮನೇ ಆಗಿದ್ರೆ, ನಾನಿಲ್ಲಿ ಕೂತಿದೀನಿ ಅಂತ ಅವಳಿಗೆ ಗೊತ್ತಿರತ್ತೆ. ಸುಮ್ನೆ ಕೂತ್ಕೋ."

ಕೂತೆವು. ಬಿಸಿಲು ಏರಿತು. ಬಡಿತ ಒಮ್ಮೆ ರೇಗಿದಂತೆ ಜೋರಾಯಿತು. ದೋಣಿಯ ಪಕ್ಕ ಸಣ್ಣ ಅಲೆಗಳೆದ್ದವು. ಆಮೇಲೆ ನಿಧಾನವಾಯಿತು. ಎರಡರ ನಡುವಿನ ಬಿಡುವು ಹೆಚ್ಚುತ್ತ ಹೋಯಿತು. ಹಿಂದುಗಡೆ ಎಂಜಿನ್ನಿನ ಬಳಿ ಒಂದು ಢಬ್, ಅಷ್ಟೇ. ಇನ್ನು ಮುಗಿಯಿತು ಎಂದು ನಾನು ಉಸಿರು ಬಿಟ್ಟಾಗ, ದೂರದಲ್ಲಿ ಕೂತಿದ್ದ ವರ್ಡೆಲ್ ತಟ್ಟನೆ ಎರಡೂ ಕಾಲುಗಳನ್ನೆತ್ತಿ ಆಸನದ ಮೇಲಿಟ್ಟುಕೊಂಡ. ಅಷ್ಟು ದಪ್ಪಗಿನ ಮನುಷ್ಯ, ಇಲಿ ಕಂಡ ಮುದುಕಿಯ ಹಾಗೆ ಮೊಣಕಾಲು ತಬ್ಬಿ ಕೂತ. ಅವನ ದೋಣಿಯ ಅಡಿಯಲ್ಲಿ ಏನು ಕೇಳಿತೆಂದು ಅವನು ಹೇಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಒಂದು ಬೆಳ್ಳಕ್ಕಿ ಬಂದು ದ್ವೀಪದ ಕಲ್ಲಿನ ಮೇಲೆ ಇಳಿಯಿತು. ಲಹೋಮಕ್ಕ ಎದ್ದು ಎಂಜಿನ್ ಶುರು ಮಾಡಿದಳು.

ಕಾವನ್ನು ಆ ಮಧ್ಯಾಹ್ನವೇ ಸೀಳಿ ಸುಟ್ಟಳು. ಡಾಯ್ಲ್‌ನ ಕೈ ಮಾಯಲು ಆಗಸ್ಟ್ ಮುಗಿಯಿತು. ಅಲ್ಲಿಯವರೆಗೆ ಸ್ಕ್ರೂಡ್ರೈವರ್ ಹಿಡಿಯಲಾಗಲಿಲ್ಲ. ಆ ಬೆಳಿಗ್ಗೆ ಬಡಿಯುವಾಗ ಏನೆಂದುಕೊಂಡೆ ಎಂದು ನಾನು ಕೇಳಿದ್ದೆ. "ಇನ್ನೊಂದ್ಸಲ ಬಡಿದ್ರೆ ಮಾತಾಡತ್ತೆ ಅನ್ನಿಸ್ತಿತ್ತು," ಎಂದ. ಅಕ್ಟೋಬರಿನಲ್ಲಿ, ಹೇಳಿಸಿಕೊಳ್ಳದೆ, ಒಬ್ಬನೇ ಹೋಗಿ ಅತ್ತೆಯ ಕೋಣೆಯ ಗೋಡೆಗೆ ಗಾರೆ ಮೆತ್ತಿ ಬಣ್ಣ ಹೊಡೆದು ಬಂದ. ಲಹೋಮಕ್ಕ ಬೇಡ ಎನ್ನಲಿಲ್ಲವಂತೆ, ಹಳದಿ ತರಬೇಡ ಎಂದಳಂತೆ. ಅದಾದ ಮೇಲೆ ಅವನು ತಿಂಗಳಿಗೊಮ್ಮೆ ಹೋಗಿ ಅವಳ ಕೈಯಡುಗೆ ಉಂಡು ಬರತೊಡಗಿದ. ಮೀನು ಹಿಡಿಯುವುದು ಮಾತ್ರ ದಂಡೆಯಿಂದಲೇ.

ಲಹೋಮಕ್ಕ ದೋಣಿ ಬಿಡಲಿಲ್ಲ. ನೆಲ ಬಡಿಯುವುದನ್ನು ಬಿಟ್ಟಳು. ಮೀನು ಮೊದಲಿನಷ್ಟು ಬೀಳಲಿಲ್ಲ. ಬರುವ ಗಿರಾಕಿಗಳೂ ಕಮ್ಮಿಯಾದರು. ಸುದ್ದಿ ಕೇಳಿ ಡಲ್ಲಾಸಿನಿಂದ ಕೆಲವರು "ಆ ಜಾಗ ತೋರಿಸ್ತೀರಾ" ಎಂದು ಬಂದರು. ಅವರನ್ನೆಲ್ಲ ಅಣೆಕಟ್ಟಿನ ಕಡೆ ಕರೆದುಕೊಂಡು ಹೋಗಿ, "ಇದೇ ಜಾಗ" ಎಂದು ಬೆಳಗಿಡೀ ಕೂರಿಸಿ, ಬಿಸಿಲು ಕಾಯಿಸಿ, ವಾಪಸ್ ತಂದು ಬಿಟ್ಟಳು.

ಈಗ ಅವಳು ಬಸ್ಸು ಓಡಿಸುವುದಿಲ್ಲ. ವಯಸ್ಸಾಯಿತು, ಕಿವಿ ಮಂದವಾಗಿದೆ. ಡಾಯ್ಲ್ ಬಲವಂತ ಮಾಡಿ ಎರಡೂ ಕಿವಿಗೆ ಯಂತ್ರ ಹಾಕಿಸಿದ್ದಾನೆ. ಹೋದ ಜುಲೈನಲ್ಲಿ ನಾವಿಬ್ಬರೇ ಹೆಂಗಸರು ಬೆಳಿಗ್ಗೆ ದೋಣಿಗೆ ಇಳಿದೆವು. ಅವಳು ಕಟ್ಟೆಯ ಮೇಲೆ ನಿಂತು ಎರಡೂ ಯಂತ್ರಗಳನ್ನು ಕಳಚಿ ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡಳು.

"ಯಾಕಕ್ಕ?"

"ಎಂಜಿನ್ ಗಲಾಟೆ ಕಣೆ. ತಲೆ ಸಿಡಿಯತ್ತೆ."

ನಡುನೀರಿಗೆ ಹೋಗಿ ಎಂಜಿನ್ ನಿಲ್ಲಿಸಿದಳು. ನೀರು ದೋಣಿಗೆ ತಾಗುವ ಸದ್ದು ಬಿಟ್ಟರೆ ಕೆರೆಯೆಲ್ಲ ನಿಶ್ಶಬ್ದ. ಈಗ ಹಾಕ್ಕೋ ಎಂದು ನಾನು ಕೈಸನ್ನೆ ಮಾಡಿದೆ. ಅವಳು ನೋಡಿದಳು, ಅರ್ಥವಾಗದವಳಂತೆ ನಕ್ಕಳು, ನನ್ನ ಗಾಳಕ್ಕೆ ಮೀನು ಸಿಕ್ಕಿಸಿ ಕೊಟ್ಟಳು.